ಭಾವ ಮತ್ತು ಪಾಡ್‌ಕಾಸ್ಟ್ ಡಾಕ್ಟರ ತಾಳಮದ್ದಳೆ

ನಮ್ಮ ಭಾವ ಕಳೆದ ವಾರ ಒಬ್ಬ ಡಾಕ್ಟರನ್ನು ಸೋಲಿಸಿದರು. ಡಾಕ್ಟರು ಅಲ್ಲಿರಲಿಲ್ಲ, ಅಷ್ಟೇ.

ಅವರ ದನಿ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರ್ ಒಂದರಲ್ಲಿ, ಪುಟ್ಟ ಸ್ಪೀಕರಿಗೆ ವಯರು ಸಿಕ್ಕಿಸಿಕೊಂಡು, ವಾನಳ್ಳಿಯ ಅಕ್ಕನ ಮನೆಯ ಜಗಲಿಯ ಮೇಲೆ ಅವರು ಕೂತಿದ್ದರು. ಡಾಕ್ಟರು ಒಂದು ಮಾತು ಹೇಳುತ್ತಿದ್ದರು. ಭಾವ ಗುಂಡಿ ಒತ್ತಿ ಅವರ ಬಾಯಿ ಮುಚ್ಚಿಸುತ್ತಿದ್ದರು. ಆಮೇಲೆ ತಾವು ಕಾಲು ಗಂಟೆ ಮಾತಾಡುತ್ತಿದ್ದರು. ಇಂಥ ಯುದ್ಧದಲ್ಲಿ ಯಾರು ಗೆದ್ದರು ಎಂದು ಬೇರೆ ಹೇಳಬೇಕೆ?

ಆ ಡಾಕ್ಟರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು.

ಕತೆ ಶುರುವಾದದ್ದು ಅಕ್ಕನ ಫೋನಿನಿಂದ. ಭಾವನಿಗೆ ಸೊಸೈಟಿಯ ಮೆಟ್ಟಿಲ ಮೇಲೆ ತಲೆ ತಿರುಗಿತ್ತು. ಶಿರಸಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಇನ್ನೊಂದು ತೋಳಿಗೆ ಸುತ್ತಿ ನೋಡಿದರು. (ಡಾಕ್ಟರು ಎರಡನೇ ತೋಳು ಕೇಳಿದರೆ ನಮ್ಮ ಕಾಲು ನಡುಗುತ್ತದೆ, ಗಮನಿಸಿದ್ದೀರಾ?) ಬಿ.ಪಿ. ಜೋರಾಗಿದೆ, ದಿನಾ ಬೆಳಿಗ್ಗೆ ಒಂದು ಗುಳಿಗೆ, ಬಿಡುವಂತಿಲ್ಲ ಎಂದರು. ಭಾವ ಗುಳಿಗೆ ತಂದರು. ತಂದು, ಹಪ್ಪಳದ ಡಬ್ಬಿಯ ಮೇಲಿಟ್ಟರು. ಅಲ್ಲೇ ಇತ್ತು.

"ತಗತ್ವೇ ಇಲ್ಲೆ ತಂಗಿ" ಎಂದಳು ಅಕ್ಕ. "ಎಂತ ಹೇಳಿದ್ರೂ ಅದ್ಕೊಂದು ಉತ್ತರ. ನೀನಾದ್ರೂ ಎಂತಾದ್ರೂ ಮಾಡು."

ನಾನು ಧಾರವಾಡದಲ್ಲಿ ಎಂ.ಎ. ಮಾಡಿದವಳು. ನನಗೊಂದು ನಂಬಿಕೆಯಿದೆ. ಜನ ತಪ್ಪು ಮಾಡುವುದು ತಿಳಿವಳಿಕೆ ಸಾಲದೆ. ಸರಿಯಾದ ಮಾಹಿತಿ ಕೊಟ್ಟರೆ ಸರಿಯಾಗುತ್ತಾರೆ. ಈ ನಂಬಿಕೆ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅನುಭವದಿಂದಂತೂ ಅಲ್ಲ.

ಆಗಷ್ಟೇ ನಾನು ಪಾಡ್‌ಕಾಸ್ಟ್ ಎಂಬ ಹೊಸ ವಸ್ತುವಿನ ಹಿಂದೆ ಬಿದ್ದಿದ್ದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ರೇಡಿಯೋ ಭಾಷಣದ ಹಾಗೆಯೇ. ಆದರೆ ಗಾಳಿಯಲ್ಲಿ ಬರುವುದಿಲ್ಲ, ಇಂಟರ್ನೆಟ್ಟಿನಲ್ಲಿ ಬರುತ್ತದೆ. ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಬಹುದು. ಬೇಕಾದಾಗ ಕೇಳಬಹುದು. ಬೇಕಾದಲ್ಲಿ ನಿಲ್ಲಿಸಬಹುದು. ಈ ಕೊನೆಯ ಸೌಲಭ್ಯವನ್ನು ನೆನಪಿಟ್ಟುಕೊಳ್ಳಿ. ಎಲ್ಲ ಅನಾಹುತ ಅದರಿಂದಲೇ ಆದದ್ದು.

ಹಾವೇರಿ ಕಡೆಯ ಡಾಕ್ಟರೊಬ್ಬರು ಕನ್ನಡದಲ್ಲೇ ವಾರಕ್ಕೊಂದು ಕಂತು ಮಾತಾಡಿ ಹಾಕುತ್ತಿದ್ದರು. ಬಿ.ಪಿ. ಬಗ್ಗೆ ಮೂರು ಕಂತು ಇತ್ತು. ಶಿರಸಿಯ ಸೈಬರ್ ಕೆಫೆಯಲ್ಲಿ ಕೂತು ಇಳಿಸಿದೆ. ಮೊದಲ ಕಂತು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂತು. ಮತ್ತೆ ಮೊದಲಿಂದ. ಕೆಫೆಯವನು ಬಗ್ಗಿ ನೋಡಿದ.

"ಪಾಡ್‌ಕಾಸ್ಟ್ ಅಂದ್ರೆ ಯಾವ ಪಿಚ್ಚರ್ರು ಮೇಡಂ?"

"ಪಿಚ್ಚರ್ ಅಲ್ಲ. ಡಾಕ್ಟ್ರು ಮಾತಾಡ್ತಾರೆ."

"ಬರೀ ಮಾತಾ?" ಎಂದ. ನನ್ನ ಬಗ್ಗೆ ಅವನಿಗೆ ಕನಿಕರ ಹುಟ್ಟಿದ್ದು ಮುಖದಲ್ಲೇ ಕಂಡಿತು.

ಈಗ ಭಾವನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಭಾವ ಅರ್ಥಧಾರಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪಂಚೆ ಶಲ್ಯದಲ್ಲಿ ಎದುರುಬದುರು ಕೂತು ಬರೀ ಮಾತಿನಲ್ಲೇ ಯುದ್ಧ ಎಂಬುದು ನಮ್ಮ ಕಡೆಯ ಓದುಗರಿಗೆ ಗೊತ್ತೇ ಇದೆ. ಭಾಗವತರು ಪದ್ಯ ಹಾಡುತ್ತಾರೆ, ಒಬ್ಬ ಅರ್ಥ ಹೇಳುತ್ತಾನೆ, ಅವನು ನಿಲ್ಲಿಸಿದ ಕೂಡಲೇ ಎದುರಿನವನು ಅದನ್ನು ಕತ್ತರಿಸಬೇಕು. ಕತ್ತರಿಸದೆ ಸುಮ್ಮನೆ ಕೂತರೆ ಮರ್ಯಾದೆ ಹೋಯಿತು. ಭಾವ ಈ ಕೆಲಸವನ್ನು ಇಪ್ಪತ್ತೈದು ವರ್ಷದಿಂದ ಮಾಡಿಕೊಂಡು ಬಂದವರು. ಯಲ್ಲಾಪುರದಿಂದ ಸಿದ್ದಾಪುರದವರೆಗೆ ಎಲ್ಲಿ ಕೂಟವಿದ್ದರೂ ಕರೆ ಬರುತ್ತದೆ.

ಅಂಥವರ ಎದುರಿಗೆ ನಾನು, ಪೂರಾ ಬುದ್ಧಿ ಇಟ್ಟುಕೊಂಡೇ, ಒಬ್ಬ ಮಾತಾಡುವ ಮನುಷ್ಯನನ್ನು ತಂದು ಕೂರಿಸಿದೆ. ಅದೂ ನಿಲ್ಲಿಸಬಹುದಾದ ಮನುಷ್ಯನನ್ನು.

ಮೊದಲ ದಿನ ಮಧ್ಯಾಹ್ನದ ಚಾ ಆಗಿತ್ತು. ಅಂಗಳದ ತುಂಬ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಅಕ್ಕ ಬಗ್ಗಿ ಒಂದೊಂದನ್ನೇ ಮಗುಚುತ್ತಿದ್ದಳು. (ಡೈರಿಯಲ್ಲಿ "ಮಂಗಳವಾರ, ಅಕ್ಕ ಹಪ್ಪಳ ಹಚ್ಚುತ್ತಿದ್ದಳು" ಎಂದು ಬರೆದುಕೊಂಡಿದ್ದೇನೆ. ನೆನಪಿನಲ್ಲಿ ಮಗುಚುತ್ತಿದ್ದಾಳೆ. ಡೈರಿ ಬರೆದದ್ದು ಮರುದಿನ, ಹಾಗಾಗಿ ಎರಡನ್ನೂ ನಂಬುವಂತಿಲ್ಲ. ಹಪ್ಪಳ ಇದ್ದದ್ದು ಖರೆ.) ಪಕ್ಕದ ಮನೆಯ ಸುಬ್ರಾಯ ಎಂದಿನಂತೆ ಎಲೆಯಡಿಕೆಯ ಕವಳ ಹಾಕಲು ಬಂದು ಕೂತಿದ್ದ. ಸುಬ್ರಾಯ ಮದ್ದಳೆ ಬಾರಿಸುವವನು. ಭಾವ ಎಲ್ಲಿ ಅರ್ಥ ಹೇಳಿದರೂ ಇವನದೇ ಮದ್ದಳೆ.

ಗುಂಡಿ ಒತ್ತಿದೆ.

"ನಮಸ್ಕಾರ್ರೀ ಎಲ್ಲಾರಿಗೂ. ಆರಾಮ ಅದೀರೇನ್ರಿ?"

"ಆರಾಮ, ಆರಾಮ" ಎಂದರು ಭಾವ. ಸುಬ್ರಾಯನೂ ಕೈ ಮುಗಿದ.

"ಇವತ್ತ ಉಪ್ಪಿನ ಬಗ್ಗೆ ಮಾತಾಡೋಣ್ರಿ. ಬಿ.ಪಿ. ಇದ್ದಾವ್ರು ಉಪ್ಪು ಕಡಿಮಿ ಮಾಡ್ರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಇವನ್ನೆಲ್ಲಾ ದೂರ ಇಡ್ರಿ."

ಅಂಗಳದಲ್ಲಿ ಅಕ್ಕ ಹಪ್ಪಳ ಹಿಡಿದುಕೊಂಡು ನಿಂತಳು. ಆ ವರ್ಷದ ಹಪ್ಪಳವೆಲ್ಲ ಅವಳ ಮುಂದೆ ಹರಡಿಕೊಂಡಿತ್ತು.

"ಇದನ್ನು ನಿಲ್ಲಿಸದು ಹ್ಯಾಂಗೆ ಕೂಸೇ?" ಎಂದರು ಭಾವ.

ತೋರಿಸಿದೆ. ಪಾಠ ಚೆನ್ನಾಗಿ ಮನದಟ್ಟಾಗಲಿ, ನಿಲ್ಲಿಸಿ ನಿಲ್ಲಿಸಿ ಕೇಳಲಿ ಎಂದು ಖುಷಿಯಿಂದಲೇ ತೋರಿಸಿದೆ. ಭಾವ ಗುಂಡಿ ಒತ್ತಿದರು. ಬೆನ್ನು ನೇರ ಮಾಡಿದರು. ಹೆಗಲ ಮೇಲಿನ ಟವೆಲನ್ನು ಶಲ್ಯದ ಹಾಗೆ ಸರಿಪಡಿಸಿಕೊಂಡರು. ಸ್ಪೀಕರಿನ ಕಡೆ ತಿರುಗಿ ಶುರುಮಾಡಿದರು.

"ಎಲೈ ವೈದ್ಯವರ್ಯನೇ, ನಿನ್ನ ನುಡಿಯನ್ನು ಆಲಿಸಿದೆ. ಉಪ್ಪನ್ನು ಕಡಿಮೆ ಮಾಡು ಎಂದೆ. ಉಪ್ಪಿನಕಾಯಿಯನ್ನೂ ಹಪ್ಪಳವನ್ನೂ ಸಂಡಿಗೆಯನ್ನೂ ದೂರವಿಡು ಎಂದೆ. ಒಳ್ಳೆಯದು. ಆದರೆ ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಹಿರಿಯರ ಮಾತು ನಿನ್ನ ಕಿವಿಗೂ ಬಿದ್ದಿರಬೇಕಷ್ಟೆ? ಒಂದೇ ಉಸಿರಿನಲ್ಲಿ ಆಡಿದ ಮಾತು ಅದು. ಇಂದು ಉಪ್ಪನ್ನು ದೂರವಿಡು ಎಂದವನು ನಾಳೆ ತಾಯಿಯನ್ನು ದೂರವಿಡು ಎನ್ನಲಾರೆ ಎಂಬುದಕ್ಕೆ ಏನು ಪ್ರಮಾಣ?"

ಸ್ಪೀಕರು ಸುಮ್ಮನಿತ್ತು.

"ಉತ್ತರ ಇಲ್ಲೆ" ಎಂದ ಸುಬ್ರಾಯ, ಕವಳದ ಬಾಯಲ್ಲೇ.

"ಭಾವಾ, ಅವ್ಕೆ ಉತ್ತರ ಕೊಡಲೆ ಬತ್ತಿಲ್ಲೆ. ನಿಂಗನೇ ನಿಲ್ಸಿದ್ದಿ" ಎಂದೆ ನಾನು.

"ಹಾಂಗಾದ್ರೆ ಬಿಡು, ಮಾತಾಡ್ಲಿ" ಎಂದು ಭಾವ ಉದಾರವಾಗಿ ಗುಂಡಿ ಒತ್ತಿದರು. ಡಾಕ್ಟರು ತಾಯಿಯ ವಿಷಯವನ್ನು ಪೂರ್ತಿ ಬಿಟ್ಟು, ದಿನಾ ನಡೆಯುವುದರ ಬಗ್ಗೆ ಹೇಳತೊಡಗಿದರು.

"ಕಂಡ್ಯಾ, ವಿಷಯ ಬದಲ್ಸಿದ" ಎಂದರು ಭಾವ.

ಆ ಒಂದು ಕಂತು ಹೇಳಿ ಮುಗಿಸಲು ಡಾಕ್ಟರಿಗೆ ಎಷ್ಟು ಹೊತ್ತು ಬೇಕಿತ್ತೋ, ಭಾವ ಅದನ್ನು ಹೊತ್ತು ಕಂತುವವರೆಗೆ ಎಳೆದರು. ಸಿದ್ದಾಪುರದ ಬಸ್ಸಿನಲ್ಲಿ ನಡುವೆ ಹತ್ತಿದವನು ಹೇಗೋ ಹಾಗೆ, ಡಾಕ್ಟರಿಗೆ ಕೂರಲು ಜಾಗವೇ ಸಿಗಲಿಲ್ಲ.

ಎರಡನೇ ದಿನ ಹೋದರೆ ಜಗಲಿಯ ಮೇಲೆ ಕಂಬಳಿ ಹಾಸಿತ್ತು. ಸುಬ್ರಾಯ ಮದ್ದಳೆ ತಂದಿದ್ದ. ಊರಿನ ಏಳೆಂಟು ಮಂದಿ ಗೋಡೆಗೊರಗಿ ಕೂತಿದ್ದರು. ಪ್ಲೇಯರಿಗೊಂದು ಮಣೆ ಕೊಟ್ಟಿದ್ದರು. ಎದುರಾಳಿಗೆ ಆಸನವಿಲ್ಲದಿದ್ದರೆ ಹೇಗೆ?

"ಇವತ್ತಿನ ಪ್ರಸಂಗ ಎಂತದು ತಂಗಿ?" ಎಂದು ಯಾರೋ ಕೇಳಿದರು.

"ಪ್ರಸಂಗ ಅಲ್ಲ. ಆರೋಗ್ಯ ಶಿಕ್ಷಣ" ಎಂದೆ.

"ಆತು, ಅದನ್ನೇ ಹೇಳಲಿ" ಎಂದರು.

ಎರಡನೇ ಕಂತಿನ ವಿಷಯ, ಬಿ.ಪಿ. ಹೇಳಿ ಬರುವುದಿಲ್ಲ ಎಂಬುದು. "ನಿಮಗ ಏನೂ ಅನಸೂದಿಲ್ರಿ. ಆರಾಮ ಅದೀನಿ ಅಂತ ಅಡ್ಡಾಡತಿರ್ತೀರಿ. ಒಳಗ ಬಿ.ಪಿ. ತನ್ನ ಕೆಲಸಾ ತಾ ಮಾಡತಿರ್ತದ."

ಗುಂಡಿ. ಮದ್ದಳೆಯ ಒಂದು ಪೆಟ್ಟು.

"ವೈದ್ಯೋತ್ತಮನೇ, ರೋಗವು ನನ್ನ ಒಡಲಿನಲ್ಲಿದೆ ಎಂದೆ. ಆದರೆ ನನಗೆ ತಿಳಿಯುವುದಿಲ್ಲ ಎಂದೆ. ಆರಾಮವಾಗಿ ಅಡ್ಡಾಡುತ್ತಿರುತ್ತೇನೆ, ಅದು ಒಳಗೆ ತನ್ನ ಕೆಲಸ ತಾನು ಮಾಡುತ್ತಿರುತ್ತದೆ ಎಂದೆ. ನನ್ನ ಮನೆಯೊಳಗಿನ ಕಳ್ಳ ನನಗೇ ಕಾಣುವುದಿಲ್ಲ, ಹಾವೇರಿಯಲ್ಲಿ ಕುಳಿತ ನಿನಗೆ ಕಾಣುತ್ತಾನೆ. ಹಾಗಾದರೆ ಕಳ್ಳನಿಗೂ ನಿನಗೂ ಇರುವ ಸಂಬಂಧವೇನು?"

ಜಗಲಿ ನಕ್ಕು ನಕ್ಕು ಅಲುಗಾಡಿತು. ನಾನೂ ನಕ್ಕೆ. (ನಗಲಿಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ. ನಕ್ಕಿದ್ದೇನೆ.)

ಆದರೆ ಒಂದು ಸಂಗತಿ ಗಮನಿಸಿದಿರಾ? ಒಳ್ಳೆಯ ಅರ್ಥಧಾರಿ ಎದುರಿನವನ ಮಾತನ್ನು ಕತ್ತರಿಸುವ ಮೊದಲು ಅದನ್ನು ಒಂದಕ್ಷರ ಬಿಡದೆ ತಾನೇ ಹೇಳಬೇಕು. ಎದುರಾಳಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಬೇಕು. ಆಮೇಲೆ ಕಡಿಯಬೇಕು. ಅದು ಅವರ ಶಿಸ್ತು. ಹಾಗಾಗಿ ಬಿ.ಪಿ. ಬಗ್ಗೆ ಆ ಡಾಕ್ಟರು ಹೇಳಿದ್ದೆಲ್ಲ ಭಾವನ ಬಾಯಲ್ಲಿ ಇನ್ನೊಮ್ಮೆ ಬರುತ್ತಿತ್ತು, ಉಪಮೆಗಳ ಸಮೇತ. ಪರೀಕ್ಷೆಗೆ ಕೂರಿಸಿದ್ದರೆ ಭಾವ ರ‍್ಯಾಂಕ್ ಬರುತ್ತಿದ್ದರು. ಗುಳಿಗೆ ಹಪ್ಪಳದ ಡಬ್ಬಿಯ ಮೇಲೇ ಇತ್ತು.

ನಡುವೆ ಒಂದು ದಿನ ಬಿಟ್ಟು ಮೂರನೇ ಸಲ ನಾನು ಹೋದಾಗ ಸುಬ್ರಾಯ ಗೇಟಿನ ಹತ್ತಿರವೇ ಸಿಕ್ಕಿದ. ದನಿ ತಗ್ಗಿಸಿದ.

"ತಂಗೀ, ನಿನ್ನ ಭಾವಂಗೆ ಹೇಳಡ. ನಿನ್ನೆ ಆನು ಶಿರಸಿಗೆ ಹೋಗಿ ಬಿ.ಪಿ. ತೋರ್ಸಕ್ಯಂಡು ಬಂದೆ."

"ಎಂತಕ್ಕೆ? ಭಾವ ಡಾಕ್ಟ್ರನ್ನ ಸೋಲ್ಸಿದ್ವಲ ಮೊನ್ನೆ?"

"ಸೋಲ್ಸದು ಬೇರೆ. ಆದ್ರೆ ಡಾಕ್ಟ್ರ ಮಾತನ್ನ ನಿನ್ನ ಭಾವ ಹೇಳ್ದಾಂಗೆ ಡಾಕ್ಟ್ರಿಗೂ ಹೇಳಲೆ ಬತ್ತಿಲ್ಲೆ. ಕೇಳಿ ಹೆದ್ರಿಕೆ ಆಗೋತು." ಅಂಗಿಯ ಜೇಬು ಮುಟ್ಟಿಕೊಂಡ. "ಎಂಗೂ ಗುಳಿಗೆ ಕೊಟ್ಟಿದ್ದ. ಬೆಳಿಗ್ಗೆ ತಗಂಡೆ."

ನೋಡಿ ಸ್ವಾಮಿ. ಆರೋಗ್ಯ ಶಿಕ್ಷಣ ಯಶಸ್ವಿಯಾಗಿತ್ತು. ಮದ್ದಳೆಯವನಿಗೆ.

ಮೂರನೇ ಕಂತು ಗುಳಿಗೆಯದ್ದು. ನಾನು ಕಾದಿದ್ದದ್ದೇ ಅದಕ್ಕೆ. ಅಕ್ಕನೂ ಕಾದಿದ್ದಳೆಂದು ಕಾಣುತ್ತದೆ. ಅವತ್ತು ಒಣಗಿದ ಹಪ್ಪಳವನ್ನು ಅಂಗಳದಿಂದ ಜಗಲಿಯ ತುದಿಗೆ ತಂದುಕೊಂಡು, ಅಲ್ಲೇ ಕೂತು ಇಪ್ಪತ್ತೈದರ ಕಟ್ಟು ಮಾಡುತ್ತಿದ್ದಳು.

"ಗುಳಿಗಿ ಚಾಲೂ ಮಾಡಿದ ಮ್ಯಾಲೆ ದಿನಾ ತಗೋಬೇಕ್ರಿ" ಎಂದರು ಡಾಕ್ಟರು. "ಡಾಕ್ಟರನ್ನ ಕೇಳದ ನಡಕ ಬಿಡಬ್ಯಾಡ್ರಿ."

ಗುಂಡಿ. ಪೆಟ್ಟು. (ಇವತ್ತು ಸುಬ್ರಾಯನ ಪೆಟ್ಟು ಸ್ವಲ್ಪ ಮೆತ್ತಗಿತ್ತು.)

"ಒಮ್ಮೆ ಹಿಡಿದರೆ ನಡುವೆ ಬಿಡಬಾರದು ಎಂದೆ. ಕೇಳು ವೈದ್ಯನೇ, ಒಮ್ಮೆ ಹಿಡಿದ ಮೇಲೆ ಬಿಡಬಾರದ್ದು ಗೃಹಸ್ಥನಾದವನಿಗೆ ಒಂದೇ, ಹೆಂಡತಿಯ ಕೈ. ಅಂಥದ್ದು ಒಂದು ನನ್ನ ಮನೆಯಲ್ಲಿ ಈಗಾಗಲೇ ಇರುವಾಗ, ಎರಡನೆಯದನ್ನೂ ತಂದಿಟ್ಟುಕೋ ಎಂದು ಉಪದೇಶಿಸುವ ನೀನು ವೈದ್ಯನೋ, ಮದುವೆಯ ದಲ್ಲಾಳಿಯೋ?"

ಮತ್ತೆ ನಗೆ. ಅಕ್ಕ ನಗಲಿಲ್ಲ. ಕಟ್ಟು ಕಟ್ಟುತ್ತಲೇ ಇದ್ದಳು.

ಡಾಕ್ಟರಿಗೆ ಅವಕಾಶ ಕೊಟ್ಟಾಗ ಅವರು ಮೆಲ್ಲಗೆ ಮುಂದುವರಿದರು. "ಯಾಕ ಹೇಳತೀನಿ ಅಂದ್ರ, ಬಿಟ್ಟವ್ರನ್ನ ನಾ ನೋಡೀನ್ರಿ. ಒಮ್ಮಿಂದೊಮ್ಮೆ ಮಿದುಳಿಗೆ ಪೆಟ್ಟು ಬೀಳತದ. ಒಂದ ಕಡೆ ಕೈಕಾಲು ಹೋಗತಾವ. ಒಬ್ಬೊಬ್ಬರಿಗೆ ಮಾತ ಹೋಗತದ. ಎಲ್ಲಾ ತಿಳೀತಿರತದ, ಹೇಳಲಿಕ್ಕೆ ಬರೂದಿಲ್ಲ."

ಭಾವನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.

ಮಾತು ಹೋಗುವುದು. ಅರ್ಥಧಾರಿಗೆ. ಆ ಒಂದು ಕ್ಷಣ ಜಗಲಿಯ ಮೇಲೆ ಯಾರೂ ಕವಳವನ್ನೂ ಅಗಿಯಲಿಲ್ಲ. ಗೆದ್ದೆವು ಎಂದುಕೊಂಡೆ. ಹಾವೇರಿಯ ಡಾಕ್ಟರೇ, ಹಿಡಿದಿರಿ, ಬಿಡಬೇಡಿ.

ಆಮೇಲೆ ಭಾವ ಗುಂಡಿ ಒತ್ತಿದರು. ಗಂಟಲು ಸರಿಮಾಡಿಕೊಂಡರು. "ಮಾತು ಹೋಗುತ್ತದೆ ಎಂದೆ" ಎಂದು ಶುರುಮಾಡಿ, ಮಾತು ಹುಟ್ಟುವುದೆಲ್ಲಿ, ಅದು ಹೋಗುವುದೆಲ್ಲಿಗೆ, ಹೋದ ಮಾತು ಯಾರದು, ಉಳಿದವನು ಯಾರು ಎಂದು ವೇದಾಂತಕ್ಕೇ ಏರಿಬಿಟ್ಟರು. ಅಷ್ಟು ಎತ್ತರಕ್ಕೆ ಯಾವ ಡಾಕ್ಟರೂ ಏಣಿ ಹಾಕಲಾರ.

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಅಂಕಿಅಂಶ ಎಂದೆ. ವೈಜ್ಞಾನಿಕ ಎಂದೆ. ಭಾವ ನನ್ನ ಕಡೆ ಅರ್ಧವೇ ತಿರುಗಿ, ಒಂದು ವಾಕ್ಯದಲ್ಲಿ ನನ್ನನ್ನು ಮುಗಿಸಿದರು. ಆ ವಾಕ್ಯ ಏನೆಂದು ನನಗೆ ನೆನಪಿಲ್ಲ. (ಖರೆ ಹೇಳುತ್ತೇನೆ, ಇದೊಂದು ಮರೆವಿನ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.)

ಆಗ ಜಗಲಿಯ ತುದಿಯಿಂದ ಅಕ್ಕನ ದನಿ ಬಂತು. ತಲೆಯೆತ್ತಿರಲಿಲ್ಲ.

"ಹೋಯ್, ಹೋದ ವರ್ಷ ಹೆಗಡೆಕಟ್ಟಾದಲ್ಲಿ ನಿಂಗ್ಳ ಪಾತ್ರ ಎಂತದಾಗಿತ್ತು?"

"ಎಂತ ಈಗ ಅದು?" ಎಂದರು ಭಾವ.

"ಅಲ್ಲ, ಕೇಳ್ದೆ. ಆ ರಾಕ್ಷಸ ರಾಜಂದಲ್ದ? ಎಲ್ಲಾ ಹೇಳ್ತಿದ್ದೊ, ಎದ್ರಿನವಂಗೆ ಮಾತಾಡಲೇ ಬಿಟ್ಟಿದ್ವಿಲ್ಲೆ ಹೇಳಿ."

ಭಾವನ ಮುಖ ಅರಳಿತು. "ಅವತ್ತಾ? ಅವತ್ತು ಎದ್ರಿನವ ನೀರು ಕುಡಿಯಲೆ ಎದ್ದು ಹೋದ. ಸುಬ್ರಾಯ, ಹೇಳಾ."

"ಹೌದು, ಹೋದ" ಎಂದ ಸುಬ್ರಾಯ.

"ಮಾತಲ್ಲಿ ನಿಂಗನೇ ಗೆದ್ದಿದ್ದು" ಎಂದಳು ಅಕ್ಕ.

"ಆನಲ್ದೆ ಮತ್ಯಾರು?"

"ಕಡಿಗೆ ಎಂತಾತು?"

ಸುಬ್ರಾಯ ಮದ್ದಳೆಯ ಮೇಲಿನ ಕೈ ತೆಗೆದ.

"ಕಡಿಗೆ... ಸತ್ತೆ" ಎಂದರು ಭಾವ.

"ಗೆದ್ದವ ಎಂತಕ್ಕೆ ಸಾಯವು?"

"ಥೋ, ಪ್ರಸಂಗದಲ್ಲಿ ಹಾಂಗಿದ್ದು ಮಾರಾಯ್ತಿ. ಮಾತು ಎಷ್ಟು ಬೇಕಾದ್ರೂ ಹೇಳಲಕ್ಕು. ಪ್ರಸಂಗದಲ್ಲಿ ಇದ್ದಿದ್ದು ಬದಲಾಗ್ತಿಲ್ಲೆ. ಹೊತ್ತಾದ ಮೇಲೆ ಸಾಯಲೇ ಬೇಕು."

ಇದನ್ನು ಹೇಳಿ ಮುಗಿಸಿದ ಮೇಲೆ ಭಾವನಿಗೆ ತಾವು ಹೇಳಿದ್ದು ಕೇಳಿಸಿತು.

ಅಕ್ಕ ಕೈಯಲ್ಲಿದ್ದ ಹಪ್ಪಳದ ಕಟ್ಟಿಗೆ ಬಾಳೆಪಟ್ಟೆಯ ದಾರ ಬಿಗಿದು ಗಂಟು ಹಾಕಿದಳು. ಎದ್ದಳು. ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ನೀರಿನ ಲೋಟ. ಎರಡನ್ನೂ ಭಾವನ ಎದುರು, ಪ್ಲೇಯರಿನ ಮಣೆಯ ಪಕ್ಕ ಇಟ್ಟಳು.

"ಮಧ್ಯಾಹ್ನ ಆತಲೇ" ಎಂದರು ಭಾವ. "ಬೆಳಿಗ್ಗೆ ತಗಳವು ಹೇಳಿದ್ದ."

"ಡಾಕ್ಟ್ರು ಹೇಳಿದ್ದೆಲ್ಲಾ ಬಾಯಿಪಾಠ ಇದ್ದು ನಿಂಗಕ್ಕೆ" ಎಂದಳು ಅಕ್ಕ. "ಇವತ್ತಿಂದು ಈಗ. ನಾಳೆಂದು ಬೆಳಿಗ್ಗೆ."

ಭಾವ ಗುಳಿಗೆ ನೋಡಿದರು. ಸಭೆ ನೋಡಿದರು. ಕೊನೆಗೆ ಸುಬ್ರಾಯನನ್ನು ನೋಡಿದರು. ಸುಬ್ರಾಯ ಮೆಲ್ಲಗೆ ಅಂಗಿಯ ಜೇಬಿನಿಂದ ತನ್ನ ಗುಳಿಗೆಯ ಪಟ್ಟಿ ಎತ್ತಿ ತೋರಿಸಿದ.

"ನೀನೂವಾ?" ಎಂದರು ಭಾವ.

"ನಿನ್ನ ಅರ್ಥ ಕೇಳೇ ತಗಂಡಿದ್ದು ಮಾರಾಯ" ಎಂದ ಸುಬ್ರಾಯ.

ಭಾವ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಲೋಟ ಕೆಳಗಿಟ್ಟು, ಸಭೆಯ ಕಡೆ ತಿರುಗಿ, "ಇದು ಸೋಲಲ್ಲ. ಪ್ರಸಂಗ ಮುಂದೆ ಹೋಗವಲ, ಅದಕ್ಕೆ" ಎಂದರು. ಸುಬ್ರಾಯ ಮದ್ದಳೆಗೆ ಮಂಗಳದ ಪೆಟ್ಟು ಹಾಕಿದ. ಡಾಕ್ಟರ ಕಂತು ಇನ್ನೂ ಅರ್ಧ ಉಳಿದಿತ್ತು. ಯಾರೂ ಕೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ನಮಗೆ ಮಾಹಿತಿಯ ಕೊರತೆ ಇದೆ ಎಂದು ಯಾರು ಹೇಳಿದರು? ಇನ್ನು ಮುಂದೆ ಡಾಕ್ಟರುಗಳೆಲ್ಲ ನಮ್ಮ ಜೇಬಿನಲ್ಲೇ ಇರುತ್ತಾರಂತೆ, ಸಕ್ಕರೆ ಕಾಯಿಲೆಗೊಬ್ಬರು, ಹೃದಯಕ್ಕೊಬ್ಬರು. ಇರಲಿ. ನಾವೂ ಅವರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತೇವೆ. ನನ್ನದೇ ನೋಡಿ. ಅದೇ ಡಾಕ್ಟರು ನಡಿಗೆಯ ಮಹತ್ವದ ಬಗ್ಗೆ ಹೇಳಿದ ಕಂತುಗಳನ್ನೆಲ್ಲ ನಾನು ಕೇಳಿ ಮುಗಿಸಿದ್ದೇನೆ. ಅತ್ಯುತ್ತಮವಾಗಿವೆ. ಆರಾಮ ಕುರ್ಚಿಯಲ್ಲಿ ಕೂತು ಕೇಳಿದರೆ ಇನ್ನೂ ಚೆನ್ನ.

ಇದನ್ನು ಬರೆದು ಮುಗಿಸಿ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳ ಮಾತು ನನ್ನ ನೆನಪಿನಲ್ಲಿ ಸರಿಯಾಗಿ ಉಳಿದಿದೆಯೋ ಇಲ್ಲವೋ ಎಂಬ ಸಂಶಯ.

"ಗೆದ್ದವ ಎಂತಕ್ಕೆ ಸಾಯವು ಹೇಳಿ ಆನು ಕೇಳಿದ್ನಿಲ್ಲೆ" ಎಂದಳು. "ಹೆಗಡೆಕಟ್ಟಾಕ್ಕೆ ಯಾವ ಶಾಲು ಹೊದ್ಕಂಡು ಹೋಗಿದ್ರಿ ಹೇಳಿ ಕೇಳಲೆ ಹೋಗಿದ್ದೆ. ಶಾಲು ಕಾಣ್ತಿಲ್ಲೆ ಆಗಿತ್ತು. ಮಾತು ಎಲ್ಲಿಗೋ ಹೋತು."

ಹಾಗಾದರೆ ಆ ಮಾತು ಯಾರದು? ನನ್ನದೇ? ಬಸ್ಸಿನಲ್ಲಿ ಹುಟ್ಟಿದ್ದೇ? ಇರಲಿಕ್ಕಿಲ್ಲ. ಅವಳು ಅದನ್ನು ಕೇಳಿಲ್ಲದಿದ್ದರೆ ಭಾವ ಗುಳಿಗೆ ನುಂಗಿದ್ದು ಏತಕ್ಕೆ? ಆದರೆ ಅಕ್ಕ ಸುಳ್ಳು ಹೇಳುವವಳೂ ಅಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ.

"ಈಗ ತಗತ್ವಾ?" ಎಂದೆ. ನನಗೆ ಬೇಕಿದ್ದದ್ದು ಅದೊಂದೇ.

"ದಿನಾ ತಗತ್ತೊ. ಆದ್ರೆ ಸೀದಾ ನುಂಗ್ತ್ವಿಲ್ಲೆ. ಅಂಗೈಯಲ್ಲಿ ಇಟ್ಗಂಡು, ಎಲೈ ಗುಳಿಗೆಯೇ ಹೇಳಿ ಶುರು ಮಾಡ್ತೊ. ಚಾ ತಣಿಯವರೆಗೂ ಅದ್ಕೆ ಅರ್ಥ ಹೇಳ್ತೊ. ಆಮೇಲೆ ನುಂಗ್ತೊ."

ಭಾವನ ಎದುರು ಇದುವರೆಗೆ ಒಂದು ಮಾತನ್ನೂ ಆಡದೆ, ದಿನಾ ಗೆಲ್ಲುತ್ತಿರುವುದು ಆ ಗುಳಿಗೆಯೊಂದೇ.